ಹೊಟ್ಟೆಯಲ್ಲಿರುವ ಮಗುವಿನ ಹೃದಯ ಮತ್ತು ಐದು ತಿಂಗಳ ಸ್ಕ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ಯಾನ್ ಮಂಚದ ಮೇಲೆ ಮಲಗಿದವರು, ಬಾಗಿಲ ಹೊರಗೆ ಫೈಲ್ ಹಿಡಿದು ಕೂತ ಅತ್ತೆಯಂದಿರು, ರಾತ್ರಿ ಹತ್ತು ಗಂಟೆಗೆ ರಿಪೋರ್ಟಿನ ಫೋಟೊ ಕಳಿಸುವ ಗಂಡಂದಿರು, ತಾಯಿ ಕಾರ್ಡಿನೊಳಗೆ ಚೀಟಿ ಇಟ್ಟು ಕಳಿಸುವ ಆಶಾ ಕಾರ್ಯಕರ್ತೆಯರು. ಇವರೆಲ್ಲ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನಾನು ದಿನವಿಡೀ ಈ ಸ್ಕ್ಯಾನ್ ಮಾಡುವ ವೈದ್ಯೆ. ನಿಮ್ಮ ಮಗುವಿನ ವಿಷಯದಲ್ಲಿ ಕೊನೆಯ ಮಾತು ನಿಮ್ಮನ್ನು ನೋಡಿದ ಡಾಕ್ಟರದ್ದೇ. ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ, ಅದಕ್ಕೇ ಇದನ್ನು ಬರೆದೆ.

## ಮೊದಲು ತಿಳಿಯಬೇಕಾದ್ದು

ಅಷ್ಟು ಚಿಕ್ಕ ಮಗುವಿನ ಹಾರ್ಟ್ ಸ್ಕ್ಯಾನಲ್ಲಿ ನಿಜವಾಗ್ಲೂ ಕಾಣುತ್ತಾ?

ಕಾಣುತ್ತದೆ. ಐದನೇ ತಿಂಗಳಲ್ಲಿ ಮಗುವಿನ ಹೃದಯ ಸುಮಾರು ಸುಲಿದ ಅಡಿಕೆಯಷ್ಟಿರುತ್ತದೆ. ಅದರಿಂದ ಹೊರಡುವ ದೊಡ್ಡ ರಕ್ತನಾಳ ಪೆನ್ನಿನ ರೀಫಿಲ್‌ನಷ್ಟು ದಪ್ಪ. ನಿಮಿಷಕ್ಕೆ 140ರ ಆಸುಪಾಸಿನಲ್ಲಿ ಬಡಿಯುತ್ತಿರುತ್ತದೆ, ಮಗು ಬೇರೆ ಹೊರಳಾಡುತ್ತಿರುತ್ತದೆ. ಆದರೂ ನಾಲ್ಕು ಕೋಣೆಗಳು, ನಡುವಿನ ಗೋಡೆ, ಬಾಗಿಲಿನ ಹಾಗೆ ತೆರೆದು ಮುಚ್ಚುವ ವಾಲ್ವ್‌ಗಳು ಎಲ್ಲ ಕಾಣುತ್ತವೆ. ಹೃದಯದ ರಚನೆ ಮೂರು ತಿಂಗಳು ತುಂಬುವುದರೊಳಗೇ ಮುಗಿದಿರುತ್ತದೆ. ಆಮೇಲೆ ಮುಖ್ಯವಾಗಿ ಬೆಳೆಯುವ ಕೆಲಸ. ಐದನೇ ತಿಂಗಳಿಗೆ ನಮ್ಮ ಕಣ್ಣಿಗೆ ಸಿಗುವಷ್ಟು ದೊಡ್ಡದಾಗಿರುತ್ತದೆ.

ಎಷ್ಟನೇ ವಾರಕ್ಕೆ ಮಾಡಿಸಬೇಕು? ಸೀಮಂತ ಮುಗಿಸ್ಕೊಂಡು ಬಂದ್ರೆ ಆಗಲ್ವಾ?

18ರಿಂದ 20 ವಾರದೊಳಗೆ ಬನ್ನಿ. ತಡ ಅಂದರೂ 22 ದಾಟಬೇಡಿ. ಇದನ್ನೇ ಜನ ಐದು ತಿಂಗಳ ಸ್ಕ್ಯಾನ್, ಅನಾಮಲಿ ಸ್ಕ್ಯಾನ್, ಟಿಫಾ ಸ್ಕ್ಯಾನ್ ಅಂತ ಒಂದೊಂದು ಕಡೆ ಒಂದೊಂದು ಹೆಸರಲ್ಲಿ ಕರೆಯುತ್ತಾರೆ.

ಸೀಮಂತ ಏಳನೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಮಗುವಿನ ಪಕ್ಕೆಲುಬು ಗಟ್ಟಿಯಾಗಿ ಹೃದಯದ ಮೇಲೆ ನೆರಳು ಬೀಳುತ್ತದೆ, ಮಗುವಿಗೆ ತಿರುಗಲು ಜಾಗವೂ ಕಡಿಮೆ. ಅದಕ್ಕಿಂತ ಮುಖ್ಯ, ಏನಾದರೂ ಕಂಡರೆ ಇನ್ನೊಂದು ಟೆಸ್ಟ್ ಮಾಡಿಸಲು, ದೊಡ್ಡ ಆಸ್ಪತ್ರೆಗೆ ಹೋಗಿ ಬರಲು, ಮನೆಯವರು ಕೂತು ಮಾತಾಡಲು ನಿಮಗೆ ದಿನಗಳು ಬೇಕಲ್ವಾ? 23ನೇ ವಾರಕ್ಕೆ ಬಂದವರ ಮುಖ ನೋಡುವಾಗ ನನಗೆ ಕಷ್ಟವಾಗುತ್ತದೆ. ಅವರಿಗೆ ಯೋಚಿಸಲು ಕೊಡಬೇಕಾದ ಸಮಯ ನನ್ನ ಕೈಯಲ್ಲಿ ಇರುವುದಿಲ್ಲ. ವಾರದ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ಸರಿಯಾಗಿ ಆಗದವರಿಗೆ ಎರಡು ಮೂರನೇ ತಿಂಗಳಲ್ಲಿ ಮಾಡಿದ ಸ್ಕ್ಯಾನೇ ನಂಬಿಕೆಯ ಲೆಕ್ಕ.

ನಮ್ಮ ಎರಡೂ ಕಡೆ ಯಾರಿಗೂ ಹಾರ್ಟ್ ತೊಂದ್ರೆ ಇಲ್ಲ. ನಮಗ್ಯಾಕೆ?

ಹುಟ್ಟುವ 100 ಮಕ್ಕಳಲ್ಲಿ ಹತ್ತಿರ ಹತ್ತಿರ ಒಂದು ಮಗುವಿಗೆ ಹೃದಯದಲ್ಲಿ ಏನಾದರೂ ಲೋಪ ಇರುತ್ತದೆ. ಹುಟ್ಟಿನಿಂದ ಬರುವ ಲೋಪಗಳಲ್ಲಿ ಇದೇ ಜಾಸ್ತಿ. ಅವುಗಳಲ್ಲಿ ಸುಮಾರು ಕಾಲು ಭಾಗ ಮೊದಲ ವರ್ಷದಲ್ಲೇ ಆಪರೇಷನ್ ಬೇಡುವಂಥವು. ಇನ್ನು, ಇಂಥ ಬಹುಪಾಲು ಮಕ್ಕಳು ಹುಟ್ಟುವುದು ನಿಮ್ಮ ಹಾಗೆ ಯಾವ ಹಿನ್ನೆಲೆಯೂ ಇಲ್ಲದ ಮನೆಗಳಲ್ಲೇ. ಅದಕ್ಕೇ ಎಲ್ಲ ಬಸುರಿಯರಿಗೂ ಈ ಸ್ಕ್ಯಾನ್ ಬೇಕು ಅನ್ನುವುದು.

ಗ್ರಹಣದ ದಿನ ಗೊತ್ತಿಲ್ಲದೆ ಹೊರಗೆ ಹೋಗಿದ್ದೆ. ಅದ್ರಿಂದ ಹೀಗಾಯ್ತಾ?

ಇಲ್ಲಮ್ಮ. ಗ್ರಹಣದಿಂದ ಅಲ್ಲ, ಪಪ್ಪಾಯಿ ತಿಂದದ್ದರಿಂದ ಅಲ್ಲ, ಭಾರ ಎತ್ತಿದ್ದರಿಂದಲೂ ಅಲ್ಲ. ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ. ಈ ಪ್ರಶ್ನೆ ಕೇಳುವಾಗ ಹೆಚ್ಚಿನವರು ಸ್ಕ್ರೀನ್ ಕಡೆ ನೋಡುವುದಿಲ್ಲ, ಅತ್ತೆಯ ಮುಖ ನೋಡುತ್ತಾರೆ. ಅದಕ್ಕೇ ಉತ್ತರವನ್ನು ನಾನು ಅತ್ತೆಗೂ ಕೇಳುವ ಹಾಗೆ ಹೇಳುತ್ತೇನೆ.

ಬಹುಪಾಲು ಮಕ್ಕಳಲ್ಲಿ ಇಂಥದೇ ಕಾರಣ ಅಂತ ತೋರಿಸಲು ಆಗುವುದಿಲ್ಲ. ಅಪಾಯವನ್ನು ಸ್ವಲ್ಪ ಜಾಸ್ತಿ ಮಾಡುವ ಸಂಗತಿಗಳು ಕೆಲವಿವೆ. ಬಸುರಾಗುವ ಮುಂಚೆಯೇ ಇದ್ದ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ. ಮೊದಲ ತಿಂಗಳುಗಳಲ್ಲಿ ಬಂದ ರುಬೆಲ್ಲಾ. ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೊಯೇಟ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್‌ನಂಥ ಔಷಧಿಗಳು. ತಾಯಿಗೋ ತಂದೆಗೋ ಮೊದಲ ಮಗುವಿಗೋ ಇದ್ದ ಹೃದಯದ ಲೋಪ. ಹತ್ತಿರದ ರಕ್ತಸಂಬಂಧದ ಮದುವೆ. ನಮ್ಮ ಕಡೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ಬಹಳ ಜನ ಇದ್ದಾರೆ, ಅದನ್ನು ಡಾಕ್ಟರಿಗೆ ಹೇಳಲು ಸಂಕೋಚ ಬೇಡ. ಫಿಟ್ಸ್ ಮಾತ್ರೆಯನ್ನು ಮಾತ್ರ ಇದನ್ನು ಓದಿ ನೀವಾಗಿಯೇ ನಿಲ್ಲಿಸಬೇಡಿ. ಬದಲಿಸುವುದು ಡಾಕ್ಟರ ಕೆಲಸ.

ಸ್ಕ್ಯಾನ್ ಜಾಸ್ತಿ ಮಾಡಿಸಿದ್ರೆ ಮಗುವಿಗೆ ಬಿಸಿ ತಾಗಲ್ವಾ?

ಇದು ಎಕ್ಸ್‌ರೇ ಅಲ್ಲ. ಕಿವಿಗೆ ಕೇಳಿಸದ ಶಬ್ದದ ಅಲೆ ಹೋಗಿ ವಾಪಸ್ ಬರುತ್ತದೆ, ಅದೇ ಚಿತ್ರವಾಗುತ್ತದೆ. ಬೇಕಾದ್ದಕ್ಕೆ ಬೇಕಾದಷ್ಟು ಹೊತ್ತು ಮಾಡಿದರೆ ಮಗುವಿಗೆ ಹಾನಿಯಾದದ್ದು ಕಂಡಿಲ್ಲ. ಸುಮ್ನೆ ಮುಖ ನೋಡೋಣ ಅಂತ ಮಾತ್ರ ಮಾಡಿಸಬೇಡಿ.

ಅಷ್ಟೆಲ್ಲ ನೋಡ್ತೀರಿ, ಗಂಡೋ ಹೆಣ್ಣೋ ಒಂದು ಮಾತು ಹೇಳಿಬಿಡಿ.

ಹೇಳುವುದಿಲ್ಲ. 1994ರ ಕಾನೂನಿನ ಪ್ರಕಾರ ಅದು ಅಪರಾಧ, ಕೇಳಿದವರಿಗೂ ಹೇಳಿದವರಿಗೂ. ಸ್ಕ್ಯಾನಿಗೆ ಮುಂಚೆ ನೀವು ಸಹಿ ಹಾಕುವ ಫಾರ್ಮ್ ಎಫ್ ಅದಕ್ಕೇ ಇರುವುದು.

## ಸ್ಕ್ಯಾನ್ ಕೋಣೆಯೊಳಗೆ

ಅಷ್ಟು ಹೊತ್ತು ಹಾರ್ಟನ್ನೇ ನೋಡ್ತಿರ್ತೀರಲ್ಲ, ಏನು ನೋಡ್ತೀರಿ?

ಜೆಲ್ ಹಚ್ಚಿ ಪ್ರೋಬ್ ಇಟ್ಟ ಕೂಡಲೇ ಮೊದಲು ಮಗುವಿನ ಎಡ ಯಾವುದು, ಬಲ ಯಾವುದು ಅಂತ ಗುರುತಿಸಿಕೊಳ್ಳುತ್ತೇನೆ. ಹೊಟ್ಟೆಯ ಚೀಲವೂ ಹೃದಯವೂ ಒಂದೇ ಕಡೆ, ಎಡಕ್ಕೆ ಇರಬೇಕು. ಹೃದಯ ಎದೆಗೂಡಿನ ಮೂರನೇ ಒಂದು ಭಾಗದಷ್ಟು ಜಾಗ ಹಿಡಿದಿರಬೇಕು, ತುದಿ ಎಡಕ್ಕೆ ಓರೆಯಾಗಿರಬೇಕು.

ಆಮೇಲೆ ನಾಲ್ಕು ಕೋಣೆ. ಮೇಲೆ ಎರಡು, ಕೆಳಗೆ ಎರಡು. ಎಡ ಬಲ ಹೆಚ್ಚುಕಡಿಮೆ ಒಂದೇ ಅಳತೆ ಇರಬೇಕು. ನಡುವೆ ಗೋಡೆ, ಎರಡು ವಾಲ್ವ್. ಇಷ್ಟಕ್ಕೇ ನಿಲ್ಲಿಸಿದರೆ ದೊಡ್ಡ ತೊಂದರೆಗಳಲ್ಲೂ ಎಷ್ಟೋ ತಪ್ಪಿಸಿಕೊಂಡು ಹೋಗುತ್ತವೆ. ಯಾಕಂದರೆ ಕೋಣೆಗಳು ಚೆನ್ನಾಗಿದ್ದು, ಅವುಗಳಿಂದ ಹೊರಡುವ ನಾಳಗಳು ಅದಲುಬದಲಾಗಿರಬಹುದು. ಅದಕ್ಕೇ ಪ್ರೋಬನ್ನು ಕೂದಲೆಳೆಯಷ್ಟು ತಲೆಯ ಕಡೆ ಓರೆ ಮಾಡಬೇಕು. ಎಡ ಕೋಣೆಯಿಂದ ಮೈಗೆ ಹೋಗುವ ನಾಳ ಕಾಣುತ್ತದೆ. ಇನ್ನೊಂದಿಷ್ಟು ಓರೆ ಮಾಡಿದರೆ ಬಲ ಕೋಣೆಯಿಂದ ಶ್ವಾಸಕೋಶಕ್ಕೆ ಹೋಗುವ ನಾಳ. ಇವೆರಡೂ ಕತ್ತರಿಯ ಹಾಗೆ ಒಂದನ್ನೊಂದು ದಾಟಿ ಹೋಗಬೇಕು. ಬಂಡಿಜಾಡಿನ ಹಾಗೆ ಅಕ್ಕಪಕ್ಕ ನೇರ ಹೊರಟಿದ್ದರೆ ನನ್ನ ಕೈ ಅಲ್ಲೇ ನಿಲ್ಲುತ್ತದೆ. ನಾಳಗಳು ಅದಲುಬದಲಾಗಿವೆ ಅನ್ನುವುದಕ್ಕೆ ಅದೇ ಗುರುತು. ಇನ್ನೂ ಮೇಲೆ ಹೋದರೆ ಮೂರು ನಾಳಗಳು ಸಾಲಾಗಿ ಕಾಣುತ್ತವೆ, ದೊಡ್ಡದು, ನಡುವಿನದು, ಚಿಕ್ಕದು. ಕೊನೆಗೆ ಬಣ್ಣ ಹಾಕಿ ರಕ್ತ ಯಾವ ಕಡೆ ಹರಿಯುತ್ತಿದೆ ಅಂತ ನೋಡುತ್ತೇನೆ.

ನಿಮ್ಮ ರಿಪೋರ್ಟಲ್ಲಿ ನಾಲ್ಕು ಕೋಣೆ ಕಂಡಿತು ಅಂತ ಮಾತ್ರ ಇದ್ದರೆ, "ಹೊರಗೆ ಹೋಗುವ ನಾಳಗಳನ್ನೂ ನೋಡಿದ್ರಾ ಡಾಕ್ಟ್ರೇ?" ಅಂತ ಕೇಳಿ. ಈ ಪುಟದಿಂದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮಗು ಬೋರಲಾಗಿದೆ, ಸ್ವಲ್ಪ ಓಡಾಡಿ ಬನ್ನಿ ಅಂತಾರೆ. ಇನ್ನೊಂದ್ಸಲ ದುಡ್ಡು ತಗೊಳ್ಳೋಕೆ ಅಲ್ವಾ?

ಮಗುವಿನ ಬೆನ್ನು ಮೇಲಿದ್ದರೆ ಬೆನ್ನುಮೂಳೆಯ ನೆರಳು ಹೃದಯದ ಮೇಲೇ ಬೀಳುತ್ತದೆ. ಒಂದು ಸುತ್ತು ನಡೆದು, ಏನಾದರೂ ಕುಡಿದು ಬಂದರೆ ಎಷ್ಟೋ ಸಲ ಮಗು ತಿರುಗಿರುತ್ತದೆ. ತಾಯಿಯ ಮೈ ದಪ್ಪ ಇದ್ದರೂ ಚಿತ್ರ ಮಂಕಾಗುತ್ತದೆ, ಆಗ ಒಂದೆರಡು ವಾರ ಬಿಟ್ಟು ಮತ್ತೆ ನೋಡುವುದೇ ಸರಿ. ಕಾಣಲಿಲ್ಲ, ಮತ್ತೆ ಬನ್ನಿ ಅಂದವರು ಪ್ರಾಮಾಣಿಕವಾಗಿ ಕೆಲಸ ಮಾಡಿದ್ದಾರೆ. ಕಾಣದೇ ಇದ್ದದ್ದನ್ನು ನಾರ್ಮಲ್ ಅಂತ ಬರೆದರೆ ಅದು ಅಪಾಯ. ಎರಡನೇ ಸಲಕ್ಕೆ ಫೀಸ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ.

ಅನಾಮಲಿ ಸ್ಕ್ಯಾನ್ ಆಯ್ತು, ಈಗ ಫೀಟಲ್ ಎಕೋ ಅಂತಾರೆ. ಎರಡೂ ಒಂದೇ ಅಲ್ವಾ?

ಅನಾಮಲಿ ಸ್ಕ್ಯಾನ್‌ನಲ್ಲಿ ತಲೆಯಿಂದ ಪಾದದವರೆಗೆ ಎಲ್ಲ ನೋಡುತ್ತೇವೆ, ಹೃದಯ ಅದರಲ್ಲಿ ಒಂದು ಭಾಗ. ಫೀಟಲ್ ಎಕೋದಲ್ಲಿ ಹೃದಯವನ್ನೇ ಅರ್ಧ ಮುಕ್ಕಾಲು ಗಂಟೆ ನೋಡುತ್ತಾರೆ. ಅದರಲ್ಲೇ ಪಳಗಿದ ಡಾಕ್ಟರು ಮಾಡುತ್ತಾರೆ. ಎಲ್ಲರಿಗೂ ಬೇಕಿಲ್ಲ. ಮೊದಲ ಸ್ಕ್ಯಾನಲ್ಲಿ ಅನುಮಾನ ಬಂದರೆ, ತಾಯಿಗೆ ಮೊದಲಿನಿಂದ ಸಕ್ಕರೆ ಕಾಯಿಲೆ ಅಥವಾ ಲೂಪಸ್ (ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಗೆ ತಿರುಗಿಬೀಳುವ ಕಾಯಿಲೆ) ಇದ್ದರೆ, ಮನೆಯಲ್ಲಿ ಮುಂಚೆ ಇಂಥ ಮಗು ಹುಟ್ಟಿದ್ದರೆ, ಅವಳಿ ಮಕ್ಕಳು ಒಂದೇ ಮಾಸು ಹಂಚಿಕೊಂಡಿದ್ದರೆ, ಐವಿಎಫ್‌ನಿಂದ ಬಸುರಾಗಿದ್ದರೆ ಹೇಳುತ್ತಾರೆ. ಮೂರನೇ ತಿಂಗಳ ಎನ್‌ಟಿ ಸ್ಕ್ಯಾನಲ್ಲಿ ಮಗುವಿನ ಕತ್ತಿನ ಹಿಂದಿನ ನೀರು 3.5 ಮಿಲಿಮೀಟರ್ ಅಥವಾ ಜಾಸ್ತಿ ಇದ್ದವರಿಗೂ ಇದು ಬೇಕು.

ಎನ್‌ಐಪಿಟಿ ರಕ್ತದ ಟೆಸ್ಟ್ ನಾರ್ಮಲ್ ಬಂದಿದೆ. ಇನ್ನು ಸ್ಕ್ಯಾನ್ ಯಾಕೆ?

ಆ ಟೆಸ್ಟ್ ಹೃದಯ ನೋಡುವುದಿಲ್ಲ. ಡೌನ್ ಸಿಂಡ್ರೋಮ್‌ನಂಥ ಕೆಲವು ಕ್ರೋಮೊಸೋಮ್ (ವಂಶವಾಹಿಗಳ ಎಳೆ) ತೊಂದರೆಗಳ ಸಾಧ್ಯತೆಯನ್ನಷ್ಟೇ ಹೇಳುತ್ತದೆ. ಕ್ರೋಮೊಸೋಮ್ ಸರಿ ಇರುವ ಮಕ್ಕಳಿಗೇ ಹೃದಯದ ಲೋಪ ಬರುವುದು ಜಾಸ್ತಿ.

ಹಾರ್ಟಲ್ಲಿ ಬಿಳಿ ಚುಕ್ಕೆ ಇದೆ ಅಂತ ಬರೆದಿದ್ದಾರೆ. ಎರಡು ದಿನದಿಂದ ಊಟ ಸೇರ್ತಿಲ್ಲ.

ಊಟ ಮಾಡಿ. ಅದು ಕೆಳಗಿನ ಕೋಣೆಯೊಳಗಿನ ಒಂದು ಸ್ನಾಯು ಸ್ವಲ್ಪ ಜಾಸ್ತಿ ಹೊಳೆಯುವುದು, ಅಷ್ಟೇ. ಅದು ಹೃದಯದ ಕಾಯಿಲೆ ಅಲ್ಲ, ಹೃದಯ ಕೆಲಸ ಮಾಡುವುದಕ್ಕೆ ಅಡ್ಡಿಯಿಲ್ಲ. ಏಷ್ಯಾದ ತಾಯಂದಿರ ಮಕ್ಕಳಲ್ಲಿ ಇದು ಹೆಚ್ಚು ಕಾಣುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸ್ವಲ್ಪ ಜಾಸ್ತಿ ಸಿಗುವುದರಿಂದ ರಿಪೋರ್ಟಲ್ಲಿ ಬರೆಯುತ್ತೇವೆ. ಉಳಿದದ್ದೆಲ್ಲ ಸರಿಯಿದ್ದು, ಮೂರನೇ ತಿಂಗಳ ಟೆಸ್ಟ್ ಚೆನ್ನಾಗಿ ಬಂದಿದ್ದರೆ ಸಾಮಾನ್ಯವಾಗಿ ಮುಂದೆ ಏನೂ ಮಾಡಬೇಕಿಲ್ಲ.

ಸ್ಕ್ಯಾನ್ ನಾರ್ಮಲ್ ಅಂದಿದ್ರು. ಹುಟ್ಟಿದ ಮೇಲೆ ತೂತಿದೆ ಅಂದ್ರು. ನಾವು ಮೋಸ ಹೋದ್ವಾ?

ಹಾಗೆ ಹೇಳಲು ಆಗುವುದಿಲ್ಲ. ಹೊಟ್ಟೆಯೊಳಗೆ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಆಮ್ಲಜನಕ ಮಾಸಿನಿಂದ ಹೊಕ್ಕುಳಬಳ್ಳಿಯಲ್ಲಿ ಬರುತ್ತದೆ. ಹಾಗಾಗಿ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ, ಎರಡು ದೊಡ್ಡ ನಾಳಗಳ ನಡುವೆ ಒಂದು ಅಡ್ಡನಾಳ ಎಲ್ಲ ಮಕ್ಕಳಿಗೂ ಇರಲೇಬೇಕು. ಹುಟ್ಟಿದ ಮೇಲೆ ಅವು ಮುಚ್ಚಿಕೊಳ್ಳುತ್ತವೆ. ಯಾವ ಮಗುವಿನಲ್ಲಿ ಮುಚ್ಚುವುದಿಲ್ಲ ಅಂತ ಐದನೇ ತಿಂಗಳಲ್ಲಿ ಯಾರೂ ಹೇಳಲಾರರು. ಕೆಳಗಿನ ಕೋಣೆಗಳ ನಡುವಿನ ಸಣ್ಣ ತೂತೂ ತಪ್ಪುತ್ತದೆ. ಅಂಥವು ಎಷ್ಟೋ ತಾನಾಗೇ ಮುಚ್ಚುತ್ತವೆ.

ನಿಜಕ್ಕೂ ಕಷ್ಟದ್ದು ಬೇರೆ ಇದೆ. ಮೈಗೆ ರಕ್ತ ಒಯ್ಯುವ ಮಹಾಧಮನಿ ಒಂದು ಕಡೆ ಕಿರಿದಾಗಿರುವುದು ಹೊಟ್ಟೆಯೊಳಗೆ ಅಷ್ಟಾಗಿ ತೋರುವುದಿಲ್ಲ, ಅಡ್ಡನಾಳ ಮುಚ್ಚಿದ ಮೇಲೆ ಬಯಲಾಗುತ್ತದೆ. ನನ್ನ ಕೈಯಲ್ಲೇ ಹಾಗೆ ಒಂದು ಮಗುವಿನದ್ದು ತಪ್ಪಿದೆ. ಐದನೇ ದಿನ ಹಾಲು ಬಿಟ್ಟಿತು ಅಂತ ತಂದರು. ಆಪರೇಷನ್ ಆಯಿತು, ಮಗು ಚೆನ್ನಾಗಿದೆ. ಆದರೂ ಅವತ್ತು ಹಳೆಯ ಚಿತ್ರಗಳನ್ನು ತೆಗೆದು ಮತ್ತೆ ಮತ್ತೆ ನೋಡಿದೆ. ಬಲ ಕೋಣೆ ಎಡಕ್ಕಿಂತ ಒಂಚೂರು ದೊಡ್ಡದಿತ್ತು. ಈಗ ಅಷ್ಟು ವ್ಯತ್ಯಾಸ ಕಂಡರೂ ಮತ್ತೆ ಕರೆಸುತ್ತೇನೆ.

## ತೊಂದರೆ ಕಂಡಾಗ

ಹಾರ್ಟಲ್ಲಿ ಹೋಲ್ ಇದೆಯಂತೆ. ನಮ್ಮ ಮಗು ಬದುಕುತ್ತಾ?

ಹೋಲ್ ಅನ್ನುವ ಒಂದೇ ಮಾತಲ್ಲಿ ನೂರು ಥರ ಇವೆ. ಹಾಗಾಗಿ ಮೊದಲು ಹೆಸರು ಕೇಳಿ, ಕಾಗದದಲ್ಲಿ ಚಿತ್ರ ಬರೆದು ತೋರಿಸಿ ಅನ್ನಿ. ಸಣ್ಣ ತೂತಾದರೆ ಕಾದು ನೋಡುವುದೇ ಚಿಕಿತ್ಸೆ. ಫ್ಯಾಲೋಟ್ ಟೆಟ್ರಾಲಜಿ ಅಂತ ಒಂದಿದೆ, ನಾಲ್ಕು ಲೋಪ ಒಟ್ಟಿಗೆ ಇರುವುದು, ಅದಕ್ಕೆ ಸಾಮಾನ್ಯವಾಗಿ ಮೊದಲ ವರ್ಷದಲ್ಲಿ ಆಪರೇಷನ್ ಮಾಡುತ್ತಾರೆ, ಹೆಚ್ಚಿನ ಮಕ್ಕಳು ಶಾಲೆಗೆ ಹೋಗಿ ದೊಡ್ಡವರಾಗುತ್ತಾರೆ. ನಾಳ ಅದಲುಬದಲಾದ ಮಕ್ಕಳಿಗೆ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಆಪರೇಷನ್ ಆಗಬೇಕು. ಎಡಭಾಗದ ಹೃದಯವೇ ಬೆಳೆಯದಿರುವುದು ಎಲ್ಲಕ್ಕಿಂತ ಕಠಿಣ. ಅದಕ್ಕೆ ಹಂತ ಹಂತವಾಗಿ ಮೂರು ಆಪರೇಷನ್ ಬೇಕು, ಆಮೇಲೂ ಜೀವನವಿಡೀ ಜೋಪಾನ ಬೇಕು. ಮಕ್ಕಳ ಹೃದಯ ತಜ್ಞರನ್ನು ಹೆರಿಗೆಗೆ ಮುಂಚೆಯೇ ಗಂಡ ಹೆಂಡತಿ ಇಬ್ಬರೂ ಹೋಗಿ ನೋಡಿ.

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ಅಮ್ಮನ ಆಸೆ. ಬೆಂಗಳೂರಿಗೇ ಹೋಗ್ಬೇಕಾ?

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಘಟ್ಟದ ಕೆಳಗಿನ ಒಂದು ಸಣ್ಣ ಊರಿನ ಮಗುವಿನ ವಿಷಯ ಕೇಳಿದ್ದೆ. ಮೂರು ಕೆಜಿ ತೂಕ, ಹುಟ್ಟಿದಾಗ ಚೆನ್ನಾಗಿ ಅತ್ತಿತ್ತು. ಎರಡನೇ ದಿನ ರಾತ್ರಿ ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಸ್ಕ್ಯಾನಲ್ಲಿ ನಾಲ್ಕು ಕೋಣೆ ನೋಡಿ ಬಿಟ್ಟಿದ್ದರು, ನಾಳಗಳು ಅದಲುಬದಲಾಗಿದ್ದವು. ಆಂಬುಲೆನ್ಸ್ ಘಟ್ಟ ಹತ್ತುವುದರೊಳಗೆ ಮಗು ಹೋಗಿತ್ತು.

ಇಂಥ ಮಕ್ಕಳನ್ನು ಉಳಿಸುವುದು ಆ ಅಡ್ಡನಾಳ. ಅದು ಮುಚ್ಚದ ಹಾಗೆ ತಡೆಯಲು ಪ್ರೊಸ್ಟಾಗ್ಲಾಂಡಿನ್ ಅನ್ನುವ ಔಷಧಿಯನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ಬೇಕಾದರೆ ಸಣ್ಣ ಬಲೂನ್ ಹಾಕಿ ಮೇಲಿನ ಕಿಂಡಿಯನ್ನು ಅಗಲ ಮಾಡುತ್ತಾರೆ. ಆಮೇಲೆ ಆಪರೇಷನ್. ಇದಕ್ಕೆಲ್ಲ ತಯಾರಿರುವ ಆಸ್ಪತ್ರೆಯ ಹತ್ತಿರ ಮಗು ಹುಟ್ಟಬೇಕು. ಹೊಟ್ಟೆಯಲ್ಲಿ ಇರುವಷ್ಟು ದಿನ ಮಾಸೇ ಆ ಮಗುವನ್ನು ಕಾಯುತ್ತಿರುತ್ತದೆ. ಊರಿಂದ ಊರಿಗೆ ಸಾಗಿಸಲು ತಾಯಿಯ ಹೊಟ್ಟೆಗಿಂತ ಒಳ್ಳೆ ಆಂಬುಲೆನ್ಸ್ ಇಲ್ಲ.

ಇದೇ ತೊಂದರೆಯ ಇನ್ನೊಂದು ಮಗು ನನಗೆ 20ನೇ ವಾರದಲ್ಲಿ ಸಿಕ್ಕಿತು. ಅಜ್ಜಿ ಮೊದಲು ಒಪ್ಪಲಿಲ್ಲ. ಒಂದು ವಾರ ಬಿಟ್ಟು ಅವರೇ ಬಂದು, "ಬಾಣಂತನ ಎಲ್ಲಿ ಮಾಡಿದ್ರೇನು, ಮಾಡೋಳು ನಾನಲ್ವಾ" ಅಂದರು. ಅಂಟಿನುಂಡೆ ಡಬ್ಬಿ ಹಿಡಿದು ಬೆಂಗಳೂರಲ್ಲಿ ಆಸ್ಪತ್ರೆ ಪಕ್ಕ ಒಂದು ರೂಮು ಮಾಡಿ ಕೂತರು. ದಿನ ತುಂಬಿ ಸಹಜ ಹೆರಿಗೆಯೇ ಆಯಿತು. ಒಂಬತ್ತನೇ ದಿನ ಆಪರೇಷನ್. ಆ ಮಗು ಈಗ ಅಂಗನವಾಡಿಗೆ ಹೋಗುತ್ತದೆ.

ಎಲ್ಲ ತೊಂದರೆಗೂ ದೊಡ್ಡ ಊರು ಬೇಕಿಲ್ಲ. ಸಣ್ಣ ತೂತಾದರೆ ತವರಲ್ಲೇ ಹೆರಿಗೆ ಮಾಡಿಸಿ, ಆಮೇಲೆ ಎಕೋ ಮಾಡಿಸಿದರೆ ಸಾಕು. "ಹುಟ್ಟಿದ ಮೊದಲ ದಿನಗಳಲ್ಲೇ ಇದಕ್ಕೆ ಏನಾದರೂ ಮಾಡಬೇಕಾಗುತ್ತಾ?" ಅಂತ ಡಾಕ್ಟರನ್ನು ಕೇಳಿ. ಹೌದು ಅಂದರೆ ಹೆರಿಗೆಯ ಜಾಗ ಬದಲಿಸಿ. ಸಿಸೇರಿಯನ್ ಆಗಲೇಬೇಕು ಅಂತಲೂ ಇಲ್ಲ.

ಹೊಟ್ಟೆಯಿಂದ ನೀರು ತೆಗೆದು ಟೆಸ್ಟ್ ಮಾಡ್ಬೇಕು ಅಂತಾರೆ. ಹಾರ್ಟಿಗೂ ಅದಕ್ಕೂ ಏನು ಸಂಬಂಧ?

ಕೆಲವು ಹೃದಯದ ಲೋಪಗಳ ಹಿಂದೆ ಕ್ರೋಮೊಸೋಮ್ ತೊಂದರೆ ಇರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಹೃದಯದ ಲೋಪ ಇರುತ್ತದೆ. ಫ್ಯಾಲೋಟ್‌ನಂಥದ್ದರಲ್ಲಿ 22ನೇ ಕ್ರೋಮೊಸೋಮಿನ ಒಂದು ಚೂರು ಕಳೆದುಹೋಗಿದೆಯಾ ಅಂತ ನೋಡುತ್ತಾರೆ. ಹೃದಯವನ್ನು ಸರಿ ಮಾಡಬಹುದು, ಆದರೆ ಮಗುವಿನ ಮುಂದಿನ ಬದುಕು ಹೇಗಿರುತ್ತದೆ ಅನ್ನಲು ಈ ಉತ್ತರವೂ ಬೇಕು. ಸೂಜಿಯಿಂದ ಗರ್ಭ ಹೋಗುವ ಸಾಧ್ಯತೆ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಕೇಳಿ ತಿಳಿದು ಒಪ್ಪಿಗೆ ಕೊಡಿ.

ಮುಂದುವರಿಸಬೇಕಾ, ತೆಗೆಸಬೇಕಾ? ನೀವೇ ಹೇಳಿ.

ಅದನ್ನು ನಾನು ಹೇಳುವುದಿಲ್ಲ, ಹೇಳಬಾರದು. ಕಾನೂನು ಏನು ಅಂತ ಹೇಳಬಲ್ಲೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ, ಮಗುವಿಗೆ ಗಂಭೀರ ತೊಂದರೆ ಇರುವಂಥ ಕೆಲವು ಸಂದರ್ಭಗಳಲ್ಲಿ, ಇಬ್ಬರು ವೈದ್ಯರ ಅಭಿಪ್ರಾಯ ಬೇಕು. 24 ದಾಟಿದ ಮೇಲೆ ವೈದ್ಯಕೀಯ ಮಂಡಳಿ ಒಪ್ಪಬೇಕು. ನಿರ್ಧಾರಕ್ಕೆ ಮುಂಚೆ ಮಕ್ಕಳ ಹೃದಯ ತಜ್ಞರ ಮಾತು ಕೇಳಲೇಬೇಕು ಅಂತ ನಾನು ಹಟ ಮಾಡುತ್ತೇನೆ. ಹೋಲ್ ಅನ್ನುವ ಪದ ಕೇಳಿಯೇ ಹೆದರಿ ಬಂದವರು, ಇದು ಸರಿಹೋಗುವಂಥದ್ದು ಅಂತ ತಿಳಿದು ಹಗುರಾಗಿ ಹೋದದ್ದನ್ನು ನೋಡಿದ್ದೇನೆ. ಎಲ್ಲ ತಿಳಿದ ಮೇಲೂ ಬೇಡ ಅಂದವರನ್ನೂ ನೋಡಿದ್ದೇನೆ. ಇಬ್ಬರನ್ನೂ ಯಾರೂ ಆಡಿಕೊಳ್ಳಬಾರದು.

ಮಗುವಿನ ಹಾರ್ಟ್‌ಬೀಟ್ ನಡುನಡುವೆ ತಪ್ಪುತ್ತಿದೆಯಂತೆ.

ಒಂದೊಂದು ಬಡಿತ ತಪ್ಪುವುದು ತುಂಬ ಸಾಮಾನ್ಯ, ಹೆಚ್ಚಾಗಿ ಹೆರಿಗೆಯೊಳಗೆ ತಾನೇ ಹೋಗುತ್ತದೆ. ಆಗಾಗ ಬಂದು ಕೇಳಿಸಿಕೊಂಡು ಹೋದರೆ ಸಾಕು. ಒಂದೇ ಸಮನೆ 200 ದಾಟಿದ್ದರೆ ತುರ್ತು. ಆಗ ತಾಯಿಗೆ ಡಿಗಾಕ್ಸಿನ್‌ನಂಥ ಮಾತ್ರೆ ಕೊಡುತ್ತಾರೆ, ಅದು ಮಾಸಿನ ಮೂಲಕ ಮಗುವಿಗೆ ತಲುಪುತ್ತದೆ. ತುಂಬ ನಿಧಾನ, 60-70ರ ಹತ್ತಿರ ಇದ್ದರೆ ತಾಯಿಯ ರಕ್ತದಲ್ಲಿ ಲೂಪಸ್‌ಗೆ ಸಂಬಂಧಿಸಿದ ಆಂಟಿಬಾಡಿ ನೋಡುತ್ತಾರೆ.

ಆಪರೇಷನ್‌ಗೆ ಅಷ್ಟು ದುಡ್ಡು ಎಲ್ಲಿಂದ ತರೋದು?

ಹೊಲ ಮಾರುವ ಮುಂಚೆ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರನ್ನು ಹಿಡಿಯಿರಿ. ಮಕ್ಕಳ ಹುಟ್ಟು ದೋಷಗಳನ್ನೂ ನೋಡಿಕೊಳ್ಳುವ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ಜಯದೇವ ಹೃದಯದ ಆಸ್ಪತ್ರೆ ಸರ್ಕಾರದ್ದು. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್‌ಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಆಧಾರ್, ರೇಷನ್ ಕಾರ್ಡ್, ಸ್ಕ್ಯಾನ್ ರಿಪೋರ್ಟ್ ಮೂರನ್ನೂ ಬಸುರಲ್ಲೇ ಜೋಡಿಸಿಟ್ಟುಕೊಳ್ಳಿ.

ಮಗು ಹುಟ್ತು, ನೋಡೋಕೆ ಚೆನ್ನಾಗಿದೆ. ಮನೆಗೆ ಕರ್ಕೊಂಡು ಹೋಗಬಹುದಾ?

ಹೋಗುವ ಮುಂಚೆ, 24 ಗಂಟೆ ತುಂಬಿದ ಮೇಲೆ, ಬೆರಳಿಗೆ ಹಾಕುವ ಆ ಕ್ಲಿಪ್‌ನಂಥ ಯಂತ್ರದಲ್ಲಿ ಮಗುವಿನ ಬಲಗೈ ಮತ್ತು ಒಂದು ಪಾದದ ಆಮ್ಲಜನಕ ನೋಡಿ ಅಂತ ಕೇಳಿ. ಎರಡರಲ್ಲೂ 95 ಅಥವಾ ಜಾಸ್ತಿ ಇದ್ದು, ಎರಡರ ನಡುವಿನ ವ್ಯತ್ಯಾಸ 3ಕ್ಕಿಂತ ಹೆಚ್ಚಿಲ್ಲದಿದ್ದರೆ ಸರಿ. 90ಕ್ಕಿಂತ ಕಡಿಮೆ ಬಂದರೆ ತಡ ಮಾಡದೆ ಡಾಕ್ಟರು ನೋಡಬೇಕು. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಸ್ಕ್ಯಾನಲ್ಲಿ ತಪ್ಪಿಸಿಕೊಂಡ ಎಷ್ಟೋ ಮಕ್ಕಳು ಇಲ್ಲಿ ಸಿಗುತ್ತಾರೆ.

ಮನೆಯಲ್ಲಿ ಹಾಲು ಕುಡಿಸುವಾಗ ನೋಡಿ. ನಾಲ್ಕು ಗುಟುಕು ಕುಡಿದು ಸುಸ್ತಾಗಿ ಬಿಡುವುದು, ಹಣೆ ಬೆವರುವುದು, ಪಕ್ಕೆ ಸೆಳೆಯುವುದು, ತೂಕ ಏರದಿರುವುದು, ಇವು ಕಂಡರೆ ದೃಷ್ಟಿ ತೆಗೆದು ಕೂರಬೇಡಿ, ಅವತ್ತೇ ತೋರಿಸಿ. ನಾಲಿಗೆ ನೀಲಿಯಾದರೆ ಒಂದು ಗಂಟೆಯೂ ಕಾಯಬೇಡಿ.

ಮೊದಲ ಮಗುವಿಗೆ ಹೀಗಾಗಿತ್ತು. ಎರಡನೆಯದಕ್ಕೂ ಆಗುತ್ತಾ?

ಸಾಮಾನ್ಯವಾಗಿ 100ರಲ್ಲಿ 2-3 ಅನ್ನಬಹುದು. ಅಂದರೆ 97 ಮಕ್ಕಳು ಚೆನ್ನಾಗೇ ಹುಟ್ಟುತ್ತವೆ. ಕ್ರೋಮೊಸೋಮ್ ಅಥವಾ ವಂಶದ ಕಾರಣ ಗೊತ್ತಾಗಿದ್ದರೆ ಲೆಕ್ಕ ಬೇರೆ, ಜೆನೆಟಿಕ್ ಡಾಕ್ಟರನ್ನು ನೋಡಿ. ಬಸುರಾಗುವ ಮುಂಚೆಯೇ ಸಕ್ಕರೆ ಹತೋಟಿಗೆ ತನ್ನಿ, ರುಬೆಲ್ಲಾ ಲಸಿಕೆ ಆಗಿದೆಯಾ ಕೇಳಿ. ಲಸಿಕೆ ಹಾಕಿಸಿದರೆ ಒಂದು ತಿಂಗಳು ಬಸುರಾಗಬಾರದು. ಫೋಲಿಕ್ ಆಸಿಡ್ ಮಾತ್ರೆಯನ್ನು ಮುಟ್ಟು ನಿಂತ ಮೇಲೆ ಅಲ್ಲ, ಕನಿಷ್ಠ ಒಂದು ತಿಂಗಳು ಮುಂಚೆಯೇ ಶುರು ಮಾಡಿ. ಬರುವಾಗ ಮೊದಲ ಮಗುವಿನ ಎಕೋ ರಿಪೋರ್ಟ್ ತನ್ನಿ, ಆ ಮಗು ಉಳಿಯದಿದ್ದರೂ ಸರಿ. ಆ ಕಾಗದವನ್ನು ನೋವಿಗೆ ಹರಿದು ಹಾಕಿದವರಿದ್ದಾರೆ. ದಯವಿಟ್ಟು ಇಟ್ಟುಕೊಳ್ಳಿ. ಎರಡನೇ ಮಗುವಿನಲ್ಲಿ ಎಲ್ಲಿ ಮೊದಲು ನೋಡಬೇಕು ಅಂತ ನನಗೆ ಅದರಿಂದಲೇ ಗೊತ್ತಾಗುವುದು.